ಬೀಗ ಹಾಕಿದ ಕಲ್ಲುಮನೆಗೆ ವೆಬ್‌ಕ್ಯಾಮ್ ಕಾವಲು: ರಾತ್ರಿಯಿಡೀ ಸುಳ್ಳು ಎಚ್ಚರಿಕೆ ಬರುತ್ತಿದೆ, ಏನು ಮಾಡಲಿ?

ಖಣದೂರು, ಗುಳೇದಗುಡ್ಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯ ನವನಗರದಲ್ಲಿ ಬಾಡಿಗೆ ಮನೆಯಲ್ಲಿರುವ ಪ್ರೌಢಶಾಲಾ ಶಿಕ್ಷಕ. ನಮ್ಮ ಸ್ವಂತ ಮನೆ ಇರುವುದು ಗುಳೇದಗುಡ್ಡದಲ್ಲಿ. ಅಜ್ಜನ ಕಾಲದ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಪಡಸಾಲೆಯ ಮೇಲೊಂದು ಬೆಳಕಿಂಡಿ, ಒಳಗೆ ಈಗ ಯಾರೂ ನೇಯದ ಎರಡು ಕೈಮಗ್ಗಗಳು. ಅವ್ವನ ಮೊಣಕಾಲು ನೋವು ಹೆಚ್ಚಾದ ಮೇಲೆ ಆಕೆಯನ್ನೂ ನವನಗರಕ್ಕೆ ಕರೆತಂದಿರುವುದರಿಂದ ಸೋಮವಾರದಿಂದ ಶನಿವಾರದ ಮಧ್ಯಾಹ್ನದವರೆಗೆ ಮನೆಗೆ ಬೀಗವೇ ಗತಿ. ಹಿತ್ತಾಳೆಯ ಹಂಡೆ ಕೊಪ್ಪರಿಗೆಗಳನ್ನು ಬಿಟ್ಟರೆ ಕದಿಯುವಂಥದ್ದು ಹೆಚ್ಚೇನೂ ಇಲ್ಲ, ಆದರೆ ಬೀಗ ಒಡೆದರು ಎಂಬ ಸುದ್ದಿ ನಾಲ್ಕು ದಿನ ತಡವಾಗಿ ನಮಗೆ ತಲುಪಬಾರದು ಎಂಬುದು ನನ್ನ ಆಸೆ.

ನಾಲ್ಕು ಕ್ಯಾಮೆರಾಗಳ ಸೆಟ್ ಕೂಡಿಸಲು ಅಂಗಡಿಯವರು ಹೇಳಿದ ದರ ನನ್ನ ಕೈಗೆ ಎಟುಕುವಂತಿರಲಿಲ್ಲ. ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು ಆನ್‌ಲೈನ್ ತರಗತಿಗಳ ಕಾಲದಲ್ಲಿ ಕೊಂಡ ಒಂದು ಯುಎಸ್‌ಬಿ ವೆಬ್‌ಕ್ಯಾಮ್ ಇದ್ದವು. ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಹಾಕಿ, ಅದರಲ್ಲಿ ಕ್ಯಾಮೆರಾದ ನೋಟದಲ್ಲಿನ ಚಲನೆಯನ್ನು ಪತ್ತೆ ಹಚ್ಚುವ ಮೋಷನ್ ಎಂಬ ಉಚಿತ ತಂತ್ರಾಂಶವನ್ನು ಅನುಸ್ಥಾಪಿಸಿ, ಕ್ಯಾಮೆರಾವನ್ನು ಕಿಟಕಿಯ ಗಾಜಿನ ಹಿಂದೆ ಓಣಿಯ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದೇನೆ. ಅಲ್ಲಿಗೆ ನನ್ನ ಜಾಣತನ ಮುಗಿಯಿತು. ಮೊದಲ ರಾತ್ರಿಯೇ ಮುನ್ನೂರಕ್ಕೂ ಹೆಚ್ಚು ಚಿತ್ರಗಳು ಬಂದವು. ಬೇವಿನ ಗಿಡದ ನೆರಳು, ಬೈಕಿನ ದೀಪ, ಓಣಿಯ ನಾಯಿಗಳು, ಗಾಜಿನ ಮೇಲೆ ಹಲ್ಲಿ. ದೀಪವಿಲ್ಲದ ಹೊತ್ತಿನಲ್ಲಿ ಬರೀ ಕತ್ತಲೆ, ಮನೆಯೊಳಗೆ ದೀಪ ಹಾಕಿದರೆ ಗಾಜಿನಲ್ಲಿ ಕ್ಯಾಮೆರಾದ್ದೇ ಪ್ರತಿಬಿಂಬ. ಅತಿಗೆಂಪು ದೀಪ ತಂದು ಹಚ್ಚಿದರೆ ಕತ್ತಲೆಯಲ್ಲಿಯೂ ಕಾಣುತ್ತದೆ ಎಂದು ಓದಿ ಒಂದನ್ನು ತಂದೆ, ಏನೂ ಪ್ರಯೋಜನವಾಗಲಿಲ್ಲ.

ಇನ್ನೂ ಎರಡು ತೊಂದರೆಗಳಿವೆ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ನಡೆಯುತ್ತಲೇ ಇರುತ್ತದೆಯಾದರೂ ರೌಟರ್ ಆರಿ ಸಂಪರ್ಕ ಕಡಿದುಹೋಗುತ್ತದೆ. ನವನಗರದಿಂದ ನೋಡಬೇಕೆಂದು ರೌಟರಿನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ದಾರಿ, ತೆರೆದರೂ ಹೊರಗಿನಿಂದ ಏನೂ ಕಾಣುತ್ತಿಲ್ಲ. ಜೊತೆಗೆ, ಕ್ಯಾಮೆರಾದ ನೋಟದಲ್ಲಿ ಎದುರು ಮನೆಯವರ ಕಟ್ಟೆಯೂ ಬರುತ್ತದೆ. ಸಂಜೆ ಅಲ್ಲಿ ಹೆಣ್ಣುಮಕ್ಕಳು ಕೂರುತ್ತಾರೆ, ಇದು ಸರಿಯೇ ಎಂಬ ಅಳುಕು ನನಗಿದೆ. ವೆಬ್‌ಕ್ಯಾಮ್ ಬದಲು ಮನುಷ್ಯರ ಮೈಬಿಸಿಯನ್ನು ಗುರುತಿಸುವ ಪಿಐಆರ್ ಸೆನ್ಸರ್ ಕೊಳ್ಳಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಗುಮ್ಮಟದ ನೆರಳು, ವಿಜಯಪುರ

ಮಾಸ್ತರರೇ, ನಮಸ್ಕಾರ. ನಾನು ಇದೇ ತಂತ್ರಾಂಶವನ್ನು ಮೂರು ವರ್ಷಗಳಿಂದ ನಡೆಸುತ್ತಿದ್ದೇನೆ, ನೀವು ಬರೆದ ಪ್ರತಿಯೊಂದು ತಪ್ಪನ್ನೂ ನಾನು ಮಾಡಿದ್ದೇನೆ. ಸೆಟ್ಟಿಂಗ್‌ಗಳ ಮಾತಿಗೆ ಬರುವ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ: ಕ್ಯಾಮೆರಾವನ್ನು ಓಣಿಯಿಂದ ತಿರುಗಿಸಿ ಮನೆಯ ಒಳಕ್ಕೆ ಮುಖ ಮಾಡಿರಿ. ಕಳ್ಳನು ತಲೆಬಾಗಿಲಿನಿಂದ ಬಂದರೂ, ಹಿತ್ತಲಿನಿಂದ ಬಂದರೂ, ಮಾಳಿಗೆ ಹತ್ತಿ ಬೆಳಕಿಂಡಿಯಿಂದ ಇಳಿದರೂ, ಪಡಸಾಲೆಯನ್ನು ದಾಟದೆ ನಿಮ್ಮಂಥ ಮನೆಯಲ್ಲಿ ಎಲ್ಲಿಗೂ ಹೋಗಲಾರ. ಓಣಿಯಲ್ಲಿ ದಿನವಿಡೀ ನೂರು ಜನ ನ್ಯಾಯವಾಗಿಯೇ ಓಡಾಡುತ್ತಾರೆ, ಅವರಲ್ಲಿ ಕಳ್ಳನು ಯಾರೆಂದು ಯಂತ್ರ ಹೇಗೆ ತಿಳಿಯಬೇಕು? ಬೀಗ ಹಾಕಿದ ಪಡಸಾಲೆಯಲ್ಲಾದರೋ ಏನೇ ಅಲುಗಾಡಿದರೂ ಅದು ಸುದ್ದಿಯೇ. ಎದುರು ಮನೆಯ ಕಟ್ಟೆಯ ಅಳುಕು ಕೂಡ ಇದರಿಂದಲೇ ಬಗೆಹರಿಯುತ್ತದೆ.

ಈಗ ಸುಳ್ಳು ಎಚ್ಚರಿಕೆಯ ಮೂಲ. ಮೋಷನ್ ತಂತ್ರಾಂಶಕ್ಕೆ ಮನುಷ್ಯ, ನಾಯಿ, ನೆರಳು ಎಂಬ ಭೇದ ಗೊತ್ತಿಲ್ಲ. ಅದು ಹಿಂದಿನ ದೃಶ್ಯಗಳಿಂದ ಕಟ್ಟಿಕೊಂಡ ಒಂದು ಆಧಾರಚಿತ್ರದೊಂದಿಗೆ ಹೊಸ ದೃಶ್ಯವನ್ನು ಹೋಲಿಸಿ, ಎಷ್ಟು ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು ಬದಲಾದವು ಎಂದು ಎಣಿಸುತ್ತದೆ; ಆ ಸಂಖ್ಯೆ ಥ್ರೆಶೋಲ್ಡ್ ಎಂಬ ಮಿತಿಯನ್ನು ದಾಟಿದರೆ ಕೂಗು ಹಾಕುತ್ತದೆ. ಈ ಮಿತಿಯನ್ನು ತಂತ್ರಾಂಶದವರು 1500 ಎಂದು ಇಟ್ಟು ಕೊಡುತ್ತಾರೆ. 640 ಗುಣಿಸು 480ರ ಚಿತ್ರದಲ್ಲಿ ಒಟ್ಟು 3,07,200 ಪಿಕ್ಸೆಲ್‌ಗಳಿರುವುದರಿಂದ 1500 ಎಂದರೆ ಚಿತ್ರದ ಸುಮಾರು ಶೇ. 0.5ರಷ್ಟು ಭಾಗ. ನೀವು ಚಿತ್ರ ಸ್ಪಷ್ಟವಾಗಲಿ ಎಂದು 1280 ಗುಣಿಸು 720ಕ್ಕೆ ಏರಿಸಿದ್ದರೆ ಒಟ್ಟು ಪಿಕ್ಸೆಲ್‌ಗಳು 9,21,600 ಆಗುತ್ತವೆ, ಅದೇ 1500 ಈಗ ಶೇ. 0.16ಕ್ಕೆ ಇಳಿಯುತ್ತದೆ. ಅಂದರೆ ಸ್ಪಷ್ಟತೆಯನ್ನು ಹೆಚ್ಚಿಸಿದವರು ತಮಗೆ ತಿಳಿಯದೆಯೇ ಯಂತ್ರವನ್ನು ಮೂರು ಪಟ್ಟು ಬೆದರುಗುಳಿಯನ್ನಾಗಿ ಮಾಡಿರುತ್ತಾರೆ. ಹಲ್ಲಿಗೂ ಅದು ಹೆದರುವುದು ಇದರಿಂದಲೇ.

ಆದರೆ ನನ್ನ ಸಂಖ್ಯೆಯನ್ನು ನಂಬಿ ಹಾಕಿಕೊಳ್ಳಬೇಡಿರಿ. ಟೆಕ್ಸ್ಟ್ ಚೇಂಜಸ್ ಎಂಬ ಸೆಟ್ಟಿಂಗನ್ನು ಆನ್ ಮಾಡಿದರೆ ಬದಲಾದ ಪಿಕ್ಸೆಲ್‌ಗಳ ಸಂಖ್ಯೆ ಚಿತ್ರದ ಮೂಲೆಯಲ್ಲಿಯೇ ಮೂಡುತ್ತದೆ. ಶನಿವಾರ ಊರಿಗೆ ಹೋದಾಗ ನೀವೇ ಪಡಸಾಲೆಯ ಆ ತುದಿಯಿಂದ ಈ ತುದಿಗೆ ನಡೆಯಿರಿ, ಬಗ್ಗಿ ನಡೆಯಿರಿ, ಗೋಡೆಗೆ ಒತ್ತಿಕೊಂಡು ನಡೆಯಿರಿ. ಆಗ ಬರುವ ಸಂಖ್ಯೆಗಳಲ್ಲಿ ಅತ್ಯಂತ ಕಡಿಮೆಯದನ್ನು ಬರೆದಿಟ್ಟುಕೊಂಡು, ಅದರ ಅರ್ಧದಷ್ಟನ್ನು ಮಿತಿಯಾಗಿ ಇಡಿರಿ. ಮಿನಿಮಮ್ ಮೋಷನ್ ಫ್ರೇಮ್ಸ್ ಎಂಬುದನ್ನು 1ರಿಂದ 3ಕ್ಕೆ ಏರಿಸಿದರೆ, ಸತತ ಮೂರು ದೃಶ್ಯಗಳಲ್ಲಿ ಚಲನೆ ಕಂಡರೆ ಮಾತ್ರ ಎಚ್ಚರಿಕೆ ಬರುತ್ತದೆ. ಸೆಕೆಂಡಿಗೆ ಐದು ದೃಶ್ಯಗಳಂತೆ ನಡೆಸಿದರೆ ಇದು ಅರೆಗಳಿಗೆಯ ಮಾತು, ಯಾವ ಕಳ್ಳನೂ ಅಷ್ಟರಲ್ಲಿ ಪಡಸಾಲೆ ದಾಟಲಾರ. ದೀಪ ಹತ್ತಿದಾಗ ಇಡೀ ಚಿತ್ರವೇ ಬದಲಾಗುವುದನ್ನು ಕಡೆಗಣಿಸಲು ಲೈಟ್‌ಸ್ವಿಚ್ ಪರ್ಸೆಂಟ್ ಎಂಬ ಸೆಟ್ಟಿಂಗ್ ಇದೆ. ಬೆಳಕಿಂಡಿಯ ಕೆಳಗಿನ ಭಾಗದಂತಹ ಕಿರಿಕಿರಿಯ ಜಾಗಗಳಿಗೆ ಮಾಸ್ಕ್ ಹಾಕಿರಿ: ಕ್ಯಾಮೆರಾದ ಚಿತ್ರದಷ್ಟೇ ಅಳತೆಯ ಕಪ್ಪುಬಿಳುಪು ಚಿತ್ರವೊಂದನ್ನು ಮಾಡಿ, ನೋಡಬಾರದ ಕಡೆ ಕಪ್ಪು ಬಳಿದರೆ ಮುಗಿಯಿತು. ವೆಬ್‌ಕ್ಯಾಮಿನ ತಾನಾಗಿಯೇ ಫೋಕಸ್ ಬದಲಿಸುವ ಗುಣವನ್ನು ಆಫ್ ಮಾಡಲು ಮರೆಯಬೇಡಿರಿ. ಫೋಕಸ್ ಹಿಂದುಮುಂದಾದಾಗಲೆಲ್ಲ ಇಡೀ ಚಿತ್ರ ಅದುರಿ, ನಡುರಾತ್ರಿ ಎಚ್ಚರಿಕೆ ಬರುತ್ತದೆ.

ಅತಿಗೆಂಪು ದೀಪ ಏಕೆ ನಡೆಯಲಿಲ್ಲ ಎಂದರೆ, ಸಾಮಾನ್ಯ ವೆಬ್‌ಕ್ಯಾಮಿನ ಮಸೂರದ ಹಿಂದೆ ಅತಿಗೆಂಪು ಬೆಳಕನ್ನು ತಡೆಯುವ ಒಂದು ಸಣ್ಣ ಗಾಜಿನ ಬಿಲ್ಲೆ ಇರುತ್ತದೆ. ಅದಿಲ್ಲದಿದ್ದರೆ ಹಗಲಿನಲ್ಲಿ ಬಣ್ಣಗಳು ಕೆಡುತ್ತವೆ. ಅದನ್ನು ಕಿತ್ತುಹಾಕುವವರೂ ಇದ್ದಾರೆ. ನಾನು ಒಮ್ಮೆ ಕಿತ್ತೆ, ಕ್ಯಾಮೆರಾ ಸತ್ತಿತು. ಅದರ ಬದಲು ಪಡಸಾಲೆಯಲ್ಲಿ ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ರಾತ್ರಿಯಿಡೀ ಉರಿಯಲು ಬಿಡಿರಿ. ಹನ್ನೆರಡು ಗಂಟೆಗೆ 108 ವ್ಯಾಟ್-ಅವರ್, ತಿಂಗಳಿಗೆ ಮೂರು ಯೂನಿಟ್‌ಗಿಂತ ತುಸು ಹೆಚ್ಚು. ಒಳಗೆ ದೀಪವಿರುವ ಮನೆಯ ಬೀಗಕ್ಕೆ ಕೈ ಹಾಕಲು ಕಳ್ಳನೂ ಎರಡು ಸಲ ಯೋಚಿಸುತ್ತಾನೆ, ಅದು ಬೇರೆ ಲಾಭ.

ಪಿಐಆರ್ ಸೆನ್ಸರಿನ ಬಗ್ಗೆ: ಅದು ಮೈಬಿಸಿಯನ್ನು ಅಳೆಯುವುದಿಲ್ಲ, ಮೈಬಿಸಿಗೂ ಹಿಂದಿನ ಗೋಡೆಯ ಬಿಸಿಗೂ ಇರುವ ಅಂತರ ಚಲಿಸುವುದನ್ನು ಗುರುತಿಸುತ್ತದೆ. ನಮ್ಮ ವಿಜಯಪುರದಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟಿ, ಗೋಡೆಯೇ ಮನುಷ್ಯನ ಚರ್ಮದಷ್ಟು ಬಿಸಿಯಾದಾಗ ಆ ಅಂತರವೇ ಉಳಿಯುವುದಿಲ್ಲ. ಏಪ್ರಿಲ್ ತಿಂಗಳಿನಲ್ಲಿ ನನ್ನ ಸೆನ್ಸರಿನ ಎದುರು ನಾನು ಕೈ ಬೀಸಿ ನಿಂತಿದ್ದೇನೆ, ಅದು ಸುಮ್ಮನಿತ್ತು. ಕಡಿಮೆ ಖರ್ಚಿನಲ್ಲಿ ಎರಡನೆಯ ಸಾಕ್ಷಿ ಬೇಕೆಂದರೆ ತಲೆಬಾಗಿಲಿಗೆ ಆಯಸ್ಕಾಂತದ ಸ್ವಿಚ್ ಹಾಕಿರಿ. ಅದಕ್ಕೆ ಬಿಸಿಲು, ಮಳೆ, ನೆರಳು ಯಾವುದರ ಹಂಗೂ ಇಲ್ಲ.

ಹಳೇಪೇಟೆ ಕಾಕಾ, ಬಾಗಲಕೋಟೆ

ಕಂಪ್ಯೂಟರಿನ ವಿದ್ಯೆ ನನಗೆ ತಿಳಿಯದು, ಆದರೆ ಮಾಸ್ತರರಿಗೆ ಒಂದು ಪ್ರಶ್ನೆ ಇದೆ. ರಾತ್ರಿ ಎರಡು ಗಂಟೆಗೆ ನಿಮ್ಮ ಫೋನಿಗೆ ಕಳ್ಳನ ಚಿತ್ರ ಬಂದಿತು ಎಂದು ಇಟ್ಟುಕೊಳ್ಳಿರಿ. ಆಗ ನೀವು ನವನಗರದಿಂದ ಗುಳೇದಗುಡ್ಡಕ್ಕೆ ಬೈಕ್ ಹತ್ತಿ ಹೋಗುವಿರೋ? ಹೋಗಬಾರದು. 112ಕ್ಕೆ ಕರೆ ಮಾಡಿದರೆ ಯಾವ ಓಣಿ, ಯಾವ ಗುಡಿಯ ಹತ್ತಿರ, ಬಾಗಿಲು ಯಾವ ದಿಕ್ಕಿಗೆ ಎಂದು ಒಂದೇ ಉಸಿರಿನಲ್ಲಿ ಹೇಳಲು ಬರುವಂತೆ ಮೊದಲೇ ಬರೆದಿಟ್ಟುಕೊಳ್ಳಿರಿ. ಓಣಿಯ ಇಬ್ಬರ ನಂಬರು ಇರಲಿ, ಅವರು ಬಂದು ದೂರದಿಂದ ದೀಪ ಹಾಕಿ ಕೂಗಿದರೆ ಸಾಕು, ಒಳಗೆ ಹೋಗುವುದು ಬೇಡ. ಮತ್ತೊಂದು, ಕ್ಯಾಮೆರಾಕ್ಕೆ ಖರ್ಚು ಮಾಡುವ ಮೊದಲು ಹಿತ್ತಲಿನ ಬಾಗಿಲಿನ ಅಗಳಿಯನ್ನೂ ಬೆಳಕಿಂಡಿಯ ಸರಳುಗಳನ್ನೂ ಒಮ್ಮೆ ಕೈಯಿಂದ ಎಳೆದು ನೋಡಿರಿ. ಹಳೆಯ ಮನೆಗಳಲ್ಲಿ ಸರಳು ಮುಟ್ಟಿದರೆ ಕೈಗೆ ಬರುತ್ತದೆ.

ಟಿಳಕವಾಡಿ ನಿವೃತ್ತ, ಬೆಳಗಾವಿ

ನಾನು ವಿದ್ಯುತ್ ವಿಭಾಗದ ನಿವೃತ್ತ ಎಂಜಿನಿಯರ್ ಆದುದರಿಂದ ಕರೆಂಟಿನ ಭಾಗವನ್ನಷ್ಟೇ ಹೇಳುತ್ತೇನೆ. ಹೆಸ್ಕಾಂ ವ್ಯಾಪ್ತಿಯ ನಮ್ಮ ಮೂರೂ ಜಿಲ್ಲೆಗಳಲ್ಲಿ ಮುಂಗಾರಿಗೆ ಮೊದಲಿನ ಗುಡುಗು ಗಾಳಿಯ ದಿನಗಳಲ್ಲಿ ಕರೆಂಟ್ ಹೋಗುವುದು ಹೊಸದಲ್ಲ, ಹಾಗಾಗಿ ವ್ಯವಸ್ಥೆಯನ್ನು ಕರೆಂಟ್ ಇಲ್ಲದ ಹೊತ್ತಿಗೆಂದೇ ಯೋಚಿಸಿ ಕಟ್ಟಬೇಕು. ಕಳ್ಳನಿಗೂ ಆ ಹೊತ್ತೇ ಅನುಕೂಲ.

ರೌಟರಿನ ಅಡಾಪ್ಟರ್ ಮೇಲೆ ಬರೆದಿರುವುದನ್ನು ಓದಿರಿ. ಬಹುಪಾಲು ರೌಟರುಗಳು 12 ವೋಲ್ಟಿನಲ್ಲಿ ಒಂದರಿಂದ ಎರಡು ಆಂಪಿಯರ್ ಬೇಡುತ್ತವೆ. ಅವುಗಳಿಗೆಂದೇ ಅಂಗೈಯಗಲದ ಸಣ್ಣ ಯುಪಿಎಸ್‌ಗಳು ಸಿಗುತ್ತವೆ. ಅಡಾಪ್ಟರಿಗೂ ರೌಟರಿಗೂ ನಡುವೆ ಜೋಡಿಸಿದರೆ ಆಯಿತು. ಕೊಳ್ಳುವಾಗ ವೋಲ್ಟೇಜ್, ಆಂಪಿಯರ್ ಮತ್ತು ಪಿನ್ನಿನ ಒಳಭಾಗ ಧನವೋ ಋಣವೋ ಎಂಬ ಮೂರನ್ನೂ ಹೊಂದಿಸಿ ನೋಡಬೇಕು. ಫೈಬರ್ ಸಂಪರ್ಕವಿದ್ದು, ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆ ರೌಟರಿನಿಂದ ಬೇರೆಯಾಗಿದ್ದರೆ ಅದಕ್ಕೂ ಯುಪಿಎಸ್ ಬೇಕು. ರೌಟರ್ ಉರಿಯುತ್ತಿದ್ದು ಆ ಪೆಟ್ಟಿಗೆ ಆರಿದ್ದರೆ ಏನೂ ಪ್ರಯೋಜನವಿಲ್ಲ. ಪಡಸಾಲೆಯ ಬಲ್ಬು ಕೂಡ ಕರೆಂಟ್ ಹೋದಾಗ ಆರುತ್ತದೆ ಎಂಬುದನ್ನು ವಿಜಯಪುರದ ಗೆಳೆಯರು ಹೇಳಲು ಮರೆತರು. ಒಳಗೇ ಬ್ಯಾಟರಿಯುಳ್ಳ ಎಲ್‌ಇಡಿ ಬಲ್ಬು ಹಾಕಿದರೆ ಕೆಲವು ಗಂಟೆಗಳಾದರೂ ಬೆಳಕು ಉಳಿಯುತ್ತದೆ.

ಲ್ಯಾಪ್‌ಟಾಪನ್ನು ವರ್ಷಗಟ್ಟಲೆ ಚಾರ್ಜರಿಗೆ ಸಿಕ್ಕಿಸಿ ಇಡುವವರು ಅದರ ಬ್ಯಾಟರಿಯ ಮೇಲೆ ಕಣ್ಣಿಡಬೇಕು. ತುಂಬಿದ ಬ್ಯಾಟರಿ, ಬೇಸಿಗೆಯ ಸೆಕೆ, ಗಾಳಿಯಾಡದ ಕಪಾಟು, ಈ ಮೂರೂ ಸೇರಿದರೆ ಲಿಥಿಯಂ ಬ್ಯಾಟರಿ ಊದಿಕೊಳ್ಳುತ್ತದೆ. ನಿಮ್ಮ ಮಾದರಿಯಲ್ಲಿ ಚಾರ್ಜನ್ನು ಶೇ. 60 ಅಥವಾ 80ಕ್ಕೆ ನಿಲ್ಲಿಸುವ ಸೌಲಭ್ಯವಿದ್ದರೆ ಬಳಸಿರಿ. ಕೀಲಿಮಣೆಯ ನಡುಭಾಗ ಉಬ್ಬಿದಂತೆ ಕಂಡರೆ ಅಂದೇ ತೆಗೆದುಹಾಕಿರಿ. ಬೀಗ ಹಾಕಿದ ಮನೆಯಲ್ಲಿ ಕಳ್ಳನಿಗಿಂತ ಬೆಂಕಿ ದೊಡ್ಡ ಭಯ, ಅದರಲ್ಲೂ ನಿಮ್ಮದು ಮರದ ತೊಲೆಗಳ ಮಾಳಿಗೆ ಆಗಿರಬಹುದು. ಲ್ಯಾಪ್‌ಟಾಪನ್ನು ಕಲ್ಲಿನ ಗೂಡಿನಲ್ಲಿ ಇಡಿರಿ, ಬಟ್ಟೆಯ ಹತ್ತಿರ ಬೇಡ. ಮುಚ್ಚಳ ಹಾಕಿದರೆ ಯಂತ್ರ ಮಲಗಿಬಿಡುವುದನ್ನು ಲಿನಕ್ಸಿನ ಲಾಗಿನ್‌ಡಿ ಸೆಟ್ಟಿಂಗಿನಲ್ಲಿ ತಪ್ಪಿಸಬಹುದು.

ಹಳೆಯ ಲ್ಯಾಪ್‌ಟಾಪ್ 20 ವ್ಯಾಟ್ ತಿನ್ನುತ್ತದೆ ಎಂದು ಹಿಡಿದರೆ ತಿಂಗಳಿಗೆ 14ರಿಂದ 15 ಯೂನಿಟ್. ರಾಸ್ಪ್‌ಬೆರಿ ಪೈ ಎಂಬ ಸಣ್ಣ ಬೋರ್ಡು ಇದರ ಕಾಲು ಭಾಗದಷ್ಟನ್ನು ಬಳಸುತ್ತದೆಯಾದರೂ ಅದಕ್ಕೆ ತನ್ನದೇ ಬ್ಯಾಟರಿ ಇಲ್ಲ, ಕರೆಂಟ್ ಹಠಾತ್ತನೆ ಹೋದರೆ ಅದರ ಮೆಮೊರಿ ಕಾರ್ಡು ಕೆಡುವ ಸಂಭವವೂ ಉಂಟು. ನಿಮ್ಮ ಪರಿಸ್ಥಿತಿಗೆ ಲ್ಯಾಪ್‌ಟಾಪೇ ಮೇಲು. ಕ್ಯಾಮೆರಾವನ್ನು ದೂರ ಒಯ್ಯಬೇಕಾದರೆ ಯುಎಸ್‌ಬಿ 2.0 ಕೇಬಲ್ಲಿನ ಉದ್ದ 5 ಮೀಟರ್ ದಾಟಬಾರದು ಎಂಬುದು ನೆನಪಿರಲಿ. ಅದಕ್ಕಿಂತ ಹೆಚ್ಚಿಗೆ ಬೇಕಾದರೆ ನಡುವೆ ಸಂಕೇತವನ್ನು ಬಲಪಡಿಸುವ ಆಕ್ಟಿವ್ ಕೇಬಲ್ ಬೇಕಾಗುತ್ತದೆ.

ಖಣದೂರು, ಗುಳೇದಗುಡ್ಡ

ತಮ್ಮೆಲ್ಲರಿಗೂ ಧನ್ಯವಾದಗಳು. ಹೌದು ಸರ್, ಮಾಳಿಗೆಗೆ ತೇಗದ ತೊಲೆಗಳೇ ಇವೆ. ಲ್ಯಾಪ್‌ಟಾಪ್ ಇದ್ದದ್ದು ಅವ್ವನ ಸೀರೆಗಳ ಕಪಾಟಿನಲ್ಲಿ, ನಾಳೆಯೇ ತೆಗೆಯುತ್ತೇನೆ. ಕಾಕಾ ಅವರ ಮಾತಿನಂತೆ ಬೆಳಕಿಂಡಿಯ ಸರಳುಗಳನ್ನೂ ನೋಡುತ್ತೇನೆ. ಚಿತ್ರವನ್ನು ಫೋನಿಗೆ ತರಿಸುವ ದಾರಿಯನ್ನು ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ. ಲ್ಯಾಪ್‌ಟಾಪನ್ನೇ ಕದ್ದೊಯ್ದರೆ ಚಿತ್ರಗಳೂ ಅದರೊಂದಿಗೆ ಹೋಗುತ್ತವಲ್ಲ?

ದ್ರಾಕ್ಷಿ ಪಡ, ತಿಕೋಟಾ

ಮಾಸ್ತರರೇ, ನಾನು ತಿಕೋಟಾದವಳು, ಪುಣೆಯಲ್ಲಿ ತಂತ್ರಾಂಶದ ಕೆಲಸದಲ್ಲಿದ್ದೇನೆ. ಅಪ್ಪನ ಒಣದ್ರಾಕ್ಷಿಯ ಶೆಡ್ಡಿಗೆ ಇಂಥದ್ದೇ ವ್ಯವಸ್ಥೆಯನ್ನು ದೂರದಿಂದ ನಡೆಸುತ್ತಿದ್ದೇನೆ. ನೀವು ತೆರೆದ ಪೋರ್ಟ್ ಕೆಲಸ ಮಾಡದಿದ್ದುದು ನಿಮ್ಮ ಪುಣ್ಯ. ರೌಟರಿನ ಪುಟದಲ್ಲಿ ವ್ಯಾನ್ ವಿಳಾಸ, ಅಂದರೆ ಹೊರಜಾಲದ ಕಡೆಯ ವಿಳಾಸ, 100.64ರಿಂದ 100.127ರ ನಡುವೆ ಆರಂಭವಾಗಿದ್ದರೆ, ನಿಮ್ಮ ಸಂಪರ್ಕ ಕಂಪನಿಯು ಹಲವಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂಡಿಸಿದೆ ಎಂದು ಅರ್ಥ, ಹೊರಗಿನವರು ನಿಮ್ಮ ಮನೆಯ ಬಾಗಿಲನ್ನು ಹುಡುಕಲಾರರು. ಕೆಲಸ ಮಾಡಿದ್ದರೆ ಏನಾಗುತ್ತಿತ್ತು? ಮೋಷನ್ ತಂತ್ರಾಂಶದ 8081ನೇ ಪೋರ್ಟಿನ ನೇರ ದೃಶ್ಯಕ್ಕೆ ನೀವಾಗಿ ಹಾಕದ ಹೊರತು ಪಾಸ್‌ವರ್ಡ್ ಇರುವುದಿಲ್ಲ. ನಿಮ್ಮ ಕ್ಯಾಮೆರಾ ಕಂಡದ್ದನ್ನು ಜಗತ್ತೇ ನೋಡುತ್ತಿತ್ತು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಟರ್‌ನೆಟ್ಟಿಗೆ ತೆರೆದುಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ರೌಟರ್, ವಿಡಿಯೋ ರೆಕಾರ್ಡರುಗಳನ್ನು ಕಾರ್ಖಾನೆಯ ಪಾಸ್‌ವರ್ಡುಗಳಿಂದಲೇ ಹೊಕ್ಕು ಆಳಾಗಿ ದುಡಿಸಿಕೊಂಡಿತ್ತು. ಆದ್ದರಿಂದ ಆ ಪೋರ್ಟನ್ನು ಇಂದೇ ಮುಚ್ಚಿರಿ, ತಾನಾಗಿಯೇ ಪೋರ್ಟ್ ತೆರೆಯಲು ಬಿಡುವ ರೌಟರಿನ ಯುಪಿಎನ್‌ಪಿ ಸೌಲಭ್ಯವನ್ನೂ ಆಫ್ ಮಾಡಿರಿ.

ಹೊರಗಿನಿಂದ ಒಳಗೆ ಬರುವ ದಾರಿ ಬೇಡ, ಒಳಗಿನಿಂದ ಹೊರಗೆ ಕಳುಹಿಸುವ ದಾರಿ ಸಾಕು. ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಎಂಬ ಖಾತೆಗೆ ಸಂದೇಶ ಕಳುಹಿಸಿ ನಿಮ್ಮದೇ ಒಂದು ಬಾಟ್, ಅಂದರೆ ತಾನಾಗಿಯೇ ಸಂದೇಶ ಕಳುಹಿಸುವ ಖಾತೆ, ಮಾಡಿಕೊಳ್ಳಿರಿ. ಅದು ಕೊಡುವ ಉದ್ದನೆಯ ಟೋಕನ್ ಮನೆಯ ಬೀಗದಕೈ ಇದ್ದಂತೆ, ಯಾರಿಗೂ ತೋರಿಸಬಾರದು. ಮೋಷನ್‌ನಲ್ಲಿ ಆನ್ ಪಿಕ್ಚರ್ ಸೇವ್ ಎಂಬ ಸೆಟ್ಟಿಂಗಿನ ಮುಂದೆ ಒಂದು ಸಣ್ಣ ಸ್ಕ್ರಿಪ್ಟಿನ, ಅಂದರೆ ಆಜ್ಞೆಗಳ ಕಡತದ, ಹೆಸರು ಬರೆದರೆ, ಚಿತ್ರ ಉಳಿದ ತಕ್ಷಣ ಆ ಸ್ಕ್ರಿಪ್ಟ್ ಕರ್ಲ್ ಆಜ್ಞೆಯ ಮೂಲಕ ಅದನ್ನು ನಿಮ್ಮ ಫೋನಿಗೆ ತಳ್ಳುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಚಿತ್ರ ಮನೆಯಿಂದ ಹೊರಬಿದ್ದಿರುತ್ತದೆ, ಆಮೇಲೆ ಕಳ್ಳನು ಲ್ಯಾಪ್‌ಟಾಪನ್ನು ಹೊತ್ತೊಯ್ದರೂ ಚಿಂತೆಯಿಲ್ಲ. ಇಲ್ಲಿ ಒಂದು ಬಲೆ ಇದೆ, ನಾನು ಅದರಲ್ಲಿ ಬಿದ್ದು ತಿಂಗಳುಗಟ್ಟಲೆ ಗಮನಿಸಿರಲಿಲ್ಲ. ಪಿಕ್ಚರ್ ಔಟ್‌ಪುಟ್ ಎಂಬುದಕ್ಕೆ ಬೆಸ್ಟ್ ಎಂದು ಕೊಟ್ಟರೆ ಅತಿ ಹೆಚ್ಚು ಚಲನೆಯಿದ್ದ ಚಂದದ ಚಿತ್ರವೇ ಬರುತ್ತದೆ, ಆದರೆ ಯಾವುದು ಅತ್ಯುತ್ತಮ ಎಂಬುದು ಘಟನೆ ಮುಗಿದ ಮೇಲಲ್ಲವೇ ತಿಳಿಯುವುದು? ಚಲನೆ ನಿಂತು 60 ಸೆಕೆಂಡು ಕಳೆದ ಮೇಲೆಯೇ ಘಟನೆ ಮುಗಿಯಿತೆಂದು ತಂತ್ರಾಂಶ ತೀರ್ಮಾನಿಸುತ್ತದೆ. ಕಳ್ಳನು ಹತ್ತು ನಿಮಿಷ ಮನೆಯೊಳಗೆ ಹುಡುಕಾಡಿದರೆ ನಿಮ್ಮ ಎಚ್ಚರಿಕೆ ಹನ್ನೊಂದನೆಯ ನಿಮಿಷಕ್ಕೆ, ಅದೂ ಅಷ್ಟರೊಳಗೆ ಅವನು ತಂತಿ ಕೀಳದಿದ್ದರೆ. ಹಾಗಾಗಿ ಫಸ್ಟ್ ಎಂದು ಇಡಿರಿ, ಮೊದಲ ಚಿತ್ರ ಮಸುಕಾಗಿದ್ದರೂ ಅದು ಹೊತ್ತಿಗೆ ಬರುತ್ತದೆ. ಉಳಿದದ್ದು ವಿಡಿಯೋದಲ್ಲಿ ಇರುತ್ತದೆ.

ನೇರ ದೃಶ್ಯವನ್ನು ನೋಡಲೇಬೇಕೆಂದರೆ ವೈರ್‌ಗಾರ್ಡ್ ಆಧಾರಿತ ಟೇಲ್‌ಸ್ಕೇಲ್ ಎಂಬ ಖಾಸಗಿ ಜಾಲದ ತಂತ್ರಾಂಶವನ್ನು ಲ್ಯಾಪ್‌ಟಾಪಿಗೂ ಫೋನಿಗೂ ಹಾಕಿಕೊಳ್ಳಿರಿ. ಎರಡೂ ಕಡೆಯವರು ಹೊರಮುಖವಾಗಿಯೇ ಸಂಪರ್ಕ ಬೆಳೆಸುವುದರಿಂದ ಪೋರ್ಟ್ ತೆರೆಯುವ ಗೋಜಿಲ್ಲ.

ಮುಖ್ಯವಾದ ಮಾತನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ನಿಮ್ಮ ಸುಳ್ಳು ಎಚ್ಚರಿಕೆಗಳೆಲ್ಲ ನಿಂತು ಫೋನ್ ಮೂರು ದಿನ ಸುಮ್ಮನಿದೆ ಎಂದರೆ, ಮನೆ ಸುರಕ್ಷಿತವಾಗಿದೆಯೋ, ಲ್ಯಾಪ್‌ಟಾಪ್ ಸತ್ತಿದೆಯೋ ಎಂದು ಹೇಗೆ ತಿಳಿಯುವಿರಿ? ನಮ್ಮ ಶೆಡ್ಡಿನಲ್ಲಿ ಇಲಿಯೊಂದು ಕೇಬಲ್ ಕಡಿದು ಎಂಟು ದಿನ ಕಾವಲೇ ಇರಲಿಲ್ಲ, ಎಲ್ಲವೂ ಶಾಂತವಾಗಿದೆ ಎಂದು ನಾನು ಪುಣೆಯಲ್ಲಿ ನೆಮ್ಮದಿಯಿಂದ ಇದ್ದೆ. ಅಂದಿನಿಂದ ಹೇಳಿದ ಹೊತ್ತಿಗೆ ಕೆಲಸ ನಡೆಸುವ ಲಿನಕ್ಸಿನ ಕ್ರಾನ್ ಮೂಲಕ ಬೆಳಿಗ್ಗೆ ಆರಕ್ಕೂ ರಾತ್ರಿ ಒಂಬತ್ತಕ್ಕೂ ಒಂದೊಂದು ಚಿತ್ರ ತಾನಾಗಿಯೇ ಬರುವಂತೆ ಮಾಡಿದ್ದೇನೆ. ಆ ಚಿತ್ರ ಬಾರದಿದ್ದರೆ ಅದೇ ಎಚ್ಚರಿಕೆ. ಶನಿವಾರ ಮನೆಯವರು ಬಂದಾಗ ಕ್ಯಾಮೆರಾ ನಿಲ್ಲಿಸಲು ಫೋನ್ ವೈಫೈಗೆ ಸೇರಿತೇ ಎಂದು ಪತ್ತೆ ಹಚ್ಚುವ ಜಾಣ ಉಪಾಯಗಳು ಹಲವಾರಿವೆ. ಯುಎಸ್‌ಬಿ ಪಿನ್ ಕೀಳುವುದು ಅವೆಲ್ಲಕ್ಕಿಂತ ಸುಲಭ, ಕೂಡಿಸಲು ಮರೆತರೆ ಒಂಬತ್ತರ ಚಿತ್ರ ನೆನಪಿಸುತ್ತದೆ.

ಕರಿಕೋಟು, ಬೆಳಗಾವಿ

ವಕೀಲನಾಗಿ ಎರಡು ವಿಷಯಗಳನ್ನು ಸೇರಿಸುತ್ತೇನೆ, ಮೊದಲನೆಯದು ವಿಜಯಪುರದವರ ಮಾತಿಗೆ ಒಂದು ತಿದ್ದುಪಡಿ. ಅವರು ಹೇಳಿದ ಮಾಸ್ಕ್ ಚಲನೆಯ ಎಣಿಕೆಗೆ ಮಾತ್ರ ಅನ್ವಯಿಸುತ್ತದೆ; ಕಪ್ಪು ಬಳಿದ ಭಾಗವೂ ಚಿತ್ರದಲ್ಲಿ ದಾಖಲಾಗುತ್ತಲೇ ಇರುತ್ತದೆ. ಎದುರು ಮನೆಯ ಕಟ್ಟೆಯನ್ನು ನಿಜವಾಗಿಯೂ ಮರೆಮಾಡಬೇಕಾದರೆ ಮಾಸ್ಕ್ ಪ್ರೈವಸಿ ಎಂಬ ಬೇರೆ ಸೆಟ್ಟಿಂಗ್ ಬೇಕು. ಮುಂದೆ ಯಾವಾಗಲಾದರೂ ಓಣಿಯ ಕಡೆಗೆ ಕ್ಯಾಮೆರಾ ಹಾಕಿದರೆ ಇದು ನೆನಪಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ವ್ಯಕ್ತಿಯೊಬ್ಬನು ತನ್ನ ವೈಯಕ್ತಿಕ ಅಥವಾ ಗೃಹ ಉದ್ದೇಶಕ್ಕಾಗಿ ಮಾಡುವ ಬಳಕೆಗೆ ಅನ್ವಯಿಸುವುದಿಲ್ಲ ಎಂಬುದು ನಿಜ, ಆದರೆ ಹೆಂಗಸರ ಖಾಸಗಿ ಕ್ಷಣಗಳನ್ನು ನೋಡುವುದು ಅಥವಾ ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ, ಮೊದಲ ಸಲಕ್ಕೇ ಕನಿಷ್ಠ ಒಂದು ವರ್ಷದ ಸೆರೆವಾಸ. ಕಟ್ಟೆಯ ಮೇಲೆ ಕುಳಿತು ಮಾತನಾಡುವುದು ಆ ಕಲಮಿಗೆ ಬರುವುದಿಲ್ಲ. ಬಚ್ಚಲು, ಹಿತ್ತಲುಗಳು ನೋಟದಲ್ಲಿದ್ದರೆ ಮಾತು ಬೇರೆ. ನೆರೆಯವರನ್ನು ಕರೆದು ಪರದೆಯ ಮೇಲೆ ಏನು ಕಾಣುತ್ತದೆ ಎಂದು ಒಮ್ಮೆ ತೋರಿಸಿಬಿಡುವುದು ಯಾವ ಕಲಮಿಗಿಂತಲೂ ಒಳ್ಳೆಯದು.

ಎರಡನೆಯದು ಸಾಕ್ಷ್ಯ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯಿದೆಯ ಬದಲು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ವಿದ್ಯುನ್ಮಾನ ದಾಖಲೆಯ ಜೊತೆ ಕೊಡುವ, ಹಿಂದೆ 65-ಬಿ ಎಂದು ಹೆಸರಾಗಿದ್ದ ಪ್ರಮಾಣಪತ್ರವನ್ನು ಈಗ 63ನೇ ಕಲಮಿನಡಿ ಕೊಡಬೇಕು. ಅದರ ಒಂದು ಭಾಗವನ್ನು ಹಾಜರುಪಡಿಸುವವರೂ ಇನ್ನೊಂದನ್ನು ತಜ್ಞರೂ ತುಂಬುತ್ತಾರೆ, ಎರಡರಲ್ಲಿಯೂ ಕಡತದ ಹ್ಯಾಶ್ ಮೌಲ್ಯವನ್ನು ಬರೆಯಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಒಂದು ಬಿಟ್ ಬದಲಾದರೂ ಅದು ಬದಲಾಗುತ್ತದೆ. ಟೆಲಿಗ್ರಾಂಗೆ ಫೋಟೊ ಎಂದು ಕಳುಹಿಸಿದರೆ ಚಿತ್ರ ಕುಗ್ಗುತ್ತದೆ, ಹ್ಯಾಶ್ ಮೂಲಕ್ಕೆ ಹೊಂದುವುದಿಲ್ಲ. ತಿಕೋಟಾದ ತಂಗಿಯವರ ಸ್ಕ್ರಿಪ್ಟಿನಲ್ಲಿ ಎಚ್ಚರಿಕೆಗೆ ಫೋಟೊ, ದಾಖಲೆಗೆ ಡಾಕ್ಯುಮೆಂಟ್ ಎಂದು ಎರಡು ಸಲ ಕಳುಹಿಸುವುದು ಉತ್ತಮ, ಡಾಕ್ಯುಮೆಂಟ್ ಎಂದು ಕಳುಹಿಸಿದ್ದು ಕುಗ್ಗದೆ ಹಾಗೆಯೇ ಉಳಿಯುತ್ತದೆ. ಲ್ಯಾಪ್‌ಟಾಪಿನ ಗಡಿಯಾರ ಸರಿಯಾಗಿರಲಿ. ಚಿತ್ರದ ಮೇಲೆ 1970ನೇ ಇಸವಿ ಇದ್ದರೆ ಎದುರು ಪಕ್ಷದ ವಕೀಲರು ಅದನ್ನೇ ಹಿಡಿದು ಅರ್ಧ ದಿನ ವಾದಿಸುತ್ತಾರೆ, ನಾನಾದರೂ ಹಾಗೆಯೇ ಮಾಡುತ್ತೇನೆ.

ಖಣದೂರು, ಗುಳೇದಗುಡ್ಡ (ಮೂರು ವಾರಗಳ ನಂತರ)

ಎಲ್ಲರ ಸಲಹೆಗಳನ್ನೂ ಜಾರಿಗೆ ತಂದು ಏನಾಯಿತೆಂದು ತಿಳಿಸಲು ಬರೆಯುತ್ತಿದ್ದೇನೆ. ಕ್ಯಾಮೆರಾ ಈಗ ಪಡಸಾಲೆಯ ಮೂಲೆಯ ಕಲ್ಲಿನ ಗೂಡಿನಲ್ಲಿದೆ, ಮಗ್ಗಗಳಿಗೂ ತಲೆಬಾಗಿಲಿಗೂ ನಡುವಿನ ದಾರಿ ಪೂರ್ತಿ ಕಾಣುತ್ತದೆ. ನಾನು ಬಗ್ಗಿ ನಡೆದಾಗಿನ ಕನಿಷ್ಠ ಸಂಖ್ಯೆ 11,000ದ ಆಸುಪಾಸು ಬಂದಿತು, ಮಿತಿಯನ್ನು 5500ಕ್ಕೆ ಇಟ್ಟಿದ್ದೇನೆ. ನಾನು ಕಳ್ಳನಂತೆ ಗೋಡೆಗೆ ಒತ್ತಿಕೊಂಡು ನಡೆಯುವುದನ್ನು ಅವ್ವ ಬಾಗಿಲಲ್ಲಿ ನಿಂತು ನೋಡಿ, ಮಗನಿಗೆ ಏನೋ ಆಗಿದೆ ಎಂದುಕೊಂಡಳು. ಬೆಳಕಿಂಡಿಯ ನಾಲ್ಕು ಸರಳುಗಳಲ್ಲಿ ಎರಡು ನಿಜವಾಗಿಯೂ ಕೈಗೆ ಬಂದವು, ವೆಲ್ಡಿಂಗ್ ಮಾಡಿಸಿದೆ. ರೌಟರಿಗೆ ಯುಪಿಎಸ್ ಬಂದಿದೆ. ದಪ್ಪ ಗೋಡೆಗಳ ಕಾರಣ ಪಡಸಾಲೆಗೆ ವೈಫೈ ಸರಿಯಾಗಿ ಬರುತ್ತಿರಲಿಲ್ಲವಾದ್ದರಿಂದ ನೆಟ್‌ವರ್ಕ್ ಕೇಬಲ್ಲನ್ನೇ ಎಳೆದಿದ್ದೇನೆ.

ಮೊದಲ ವಾರ ಮುನ್ನೂರರ ಬದಲು ಒಟ್ಟು ಒಂಬತ್ತು ಎಚ್ಚರಿಕೆಗಳು ಬಂದವು. ಅವುಗಳಲ್ಲಿ ಎರಡು ಬೆಕ್ಕಿನವು. ಕ್ಯಾಮೆರಾದ ತೀರ ಹತ್ತಿರ ಬಂದು ಮೂಸಿ ಹೋಗಿದೆ, ಹೊಸ ಸರಳುಗಳ ನಡುವೆಯೂ ಅದಕ್ಕೆ ದಾರಿ ಇದೆ. ಉಳಿದ ಏಳೂ ಹಗಲು ಹನ್ನೊಂದರಿಂದ ಎರಡು ಗಂಟೆಯ ಒಳಗೆ ಬಂದಿದ್ದವು, ಚಿತ್ರದಲ್ಲಿ ಏನೂ ಇರಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ಬೆಳಕಿಂಡಿಯಿಂದ ನೆಲಕ್ಕೆ ಬೀಳುವ ಬಿಸಿಲಿನ ತುಂಡು ಮೆಲ್ಲಗೆ ಸರಿಯುವುದನ್ನು ತಂತ್ರಾಂಶ ಆಧಾರಚಿತ್ರದಲ್ಲಿ ಸೇರಿಸಿಕೊಂಡು ಸುಮ್ಮನಿರುತ್ತದೆ, ಆದರೆ ಮೋಡ ಬಂದು ಆ ಬಿಸಿಲು ಥಟ್ಟನೆ ಮಾಯವಾಗಿ ಮತ್ತೆ ಮೂಡಿದಾಗ ಬೆಚ್ಚಿಬೀಳುತ್ತದೆ. ಬಿಸಿಲಿನ ತುಂಡು ದಿನವಿಡೀ ಸರಿಯುವ ಪಟ್ಟಿಯಷ್ಟಕ್ಕೆ ಮಾಸ್ಕ್ ಬಳಿದೆ. ಕಳೆದ ಎಂಟು ದಿನಗಳಲ್ಲಿ ಬೆಳಗಿನ ಮತ್ತು ರಾತ್ರಿಯ ನಿಗದಿತ ಚಿತ್ರಗಳನ್ನು ಬಿಟ್ಟರೆ ಬಂದದ್ದು ಒಂದೇ ಒಂದು, ಅದೂ ಬೆಕ್ಕು.

ಒಂದು ಸಂಗತಿ ಉಳಿದಿದೆ. ಚಳಿಗಾಲ ಬರುತ್ತಿದ್ದಂತೆ ಸೂರ್ಯ ದಕ್ಷಿಣಕ್ಕೆ ಸರಿದು, ಆ ಬಿಸಿಲಿನ ತುಂಡು ಉತ್ತರದ ಗೋಡೆಯತ್ತ ಹೊರಳಿ ಮಗ್ಗದ ಮೇಲೆ ಬೀಳುತ್ತದೆ. ಚಿಕ್ಕವನಿದ್ದಾಗ ಅದನ್ನು ನೋಡಿಯೇ ಬನದ ಹುಣ್ಣಿಮೆ ಹತ್ತಿರ ಬಂತೆಂದು ಅಜ್ಜ ಹೇಳುತ್ತಿದ್ದ. ಬನಶಂಕರಿ ಜಾತ್ರೆಗೆ ನಾವೆಲ್ಲ ಹೊರಡುವ ಮೊದಲು ಮಾಸ್ಕನ್ನು ಹೊಸದಾಗಿ ಬಳಿಯಬೇಕು, ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.